ಹಾಲಿನ ಲೆಕ್ಕದ ಕೆಳಗೆ ಇನ್ನೊಂದು ಲೆಕ್ಕ

ಸಾಗರದ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ಏಳೆಂಟು ವರ್ಷದ ಕ್ಯಾಲೆಂಡರುಗಳು ಒಂದರ ಮೇಲೊಂದು ನೇತಾಡುತ್ತಿವೆ. ಅಪ್ಪ ಯಾವುದನ್ನೂ ಬಿಸಾಡುವುದಿಲ್ಲ. ಹಾಲಿನ ಲೆಕ್ಕ ಅದರಲ್ಲೇ ಇರುತ್ತದಲ್ಲ, ಮುಂದೆ ಯಾವತ್ತಾದರೂ ತಕರಾರು ಬಂದರೆ ಬೇಕಾಗುತ್ತದೆ ಅನ್ನುತ್ತಾರೆ. ಇವತ್ತಿನವರೆಗೆ ಒಂದು ತಕರಾರೂ ಬಂದಿಲ್ಲ.

ಕಳೆದ ವಾರ ಗೋಡೆಗೆ ಸುಣ್ಣ ಹೊಡೆಸಬೇಕು ಅಂತ ಅವನ್ನೆಲ್ಲ ಇಳಿಸಿದಾಗ 2020ರ ಆಗಸ್ಟ್ ಹಾಳೆ ಸಿಕ್ಕಿತು. ಒಂದೊಂದು ಚೌಕದಲ್ಲೂ ನೀಲಿ ಪೆನ್ನಿನಲ್ಲಿ 1, 1, 1½. ಗಣೇಶ ಹಬ್ಬದ ದಿನ 2. ಅದರ ಕೆಳಗೆ, ಕೆಲವು ಚೌಕಗಳಲ್ಲಿ ಮಾತ್ರ, ಇನ್ನೂ ಸಣ್ಣ ಅಕ್ಷರದಲ್ಲಿ: ಮಿ 57, ಮ 36. ಮಿ 51, ಮ 50. ಮಿ 30, ಮ 42.

ಹಾಲಿನವರು ನೋಡಿದ್ದರೆ ತಲೆ ಕೆಡಿಸಿಕೊಳ್ಳುತ್ತಿದ್ದರು. ನನಗೆ ಮಾತ್ರ ನೋಡಿದ ಕೂಡಲೇ ಗೊತ್ತಾಯ್ತು. 'ಮಿ' ಅಂದರೆ ಡೊನೊವನ್ ಮಿಚೆಲ್, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಯೂಟಾ ಜಾಝ್ ತಂಡದ ಗಾರ್ಡ್. 'ಮ' ಅಂದರೆ ಜಮಾಲ್ ಮರ್ರೆ, ಡೆನ್ವರ್ ನಗೆಟ್ಸ್ ತಂಡದ ಗಾರ್ಡ್. ಅಪ್ಪ ಅವನನ್ನು ಮೊದಲ ದಿನದಿಂದಲೂ 'ಮರಿ' ಅಂತಲೇ ಕರೆದದ್ದು.

ಆ ವರ್ಷ ಎಲ್ಲರ ಹಾಗೆ ನಾನೂ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದಿದ್ದೆ. ಅತ್ತ ಅಮೆರಿಕದಲ್ಲಿ ಆ ಬಾಸ್ಕೆಟ್‌ಬಾಲ್ ಲೀಗು, ಎನ್‌ಬಿಎ, ಅದೂ ಗೂಡು ಸೇರಿಕೊಂಡಿತ್ತು. ಫ್ಲೋರಿಡಾದ ಒರ್ಲ್ಯಾಂಡೊ ಹತ್ತಿರ ಡಿಸ್ನಿಯವರ ಜಾಗದಲ್ಲಿ 22 ತಂಡಗಳನ್ನು ತಂದು ಕೂಡಿಹಾಕಿದ್ದರು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಆಟ. 'ಬಬಲ್' ಅಂತ ಹೆಸರು. ಜನರಿಗೆ ಪ್ರವೇಶ ಇಲ್ಲ. ಅಂಕಣದ ಸುತ್ತ ದೊಡ್ಡ ಪರದೆಗಳಲ್ಲಿ ಮನೆಯಲ್ಲೇ ಕೂತ ಅಭಿಮಾನಿಗಳ ಮುಖಗಳು. ಚೀರಾಟ ಇಲ್ಲದ್ದರಿಂದ ಶೂ ಕಿರ್ ಕಿರ್ ಅನ್ನುವುದು, ಬೆಂಚಿನಲ್ಲಿ ಕೂತವರು ಕೂಗುವುದು ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಹೈಸ್ಕೂಲಿನ ಕೆಂಪು ಮಣ್ಣಿನ ಅಂಕಣದಲ್ಲಿ ಆಡುವಾಗ ಕೇಳುತ್ತಿತ್ತಲ್ಲ, ಹಾಗೆ.

ಈ ಎಲ್ಲ ಗಲಾಟೆ ಶುರುವಾದದ್ದೂ ಯೂಟಾ ತಂಡದಿಂದಲೇ. 2020ರ ಮಾರ್ಚ್ 11ರಂದು ಒಕ್ಲಹೋಮ ಸಿಟಿಯಲ್ಲಿ ಪಂದ್ಯ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಯೂಟಾದ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ದೊಡ್ಡ ಆಳು, ರೂಡಿ ಗೊಬೇರ್‌ಗೆ ಕೊರೊನಾ ಪಾಸಿಟಿವ್ ಅಂತ ಸುದ್ದಿ ಬಂತು. ಪಂದ್ಯ ನಿಂತಿತು. ಅದೇ ರಾತ್ರಿ ಇಡೀ ಲೀಗೇ ನಿಂತಿತು. ಎರಡು ದಿನ ಮೊದಲು ಇದೇ ಗೊಬೇರ್ ತಮಾಷೆಗೆ ಪತ್ರಕರ್ತರ ಮೈಕುಗಳನ್ನೆಲ್ಲ ಮುಟ್ಟಿ ಹೋಗಿದ್ದ. ಮರುದಿನ ಮಿಚೆಲ್‌ಗೂ ಪಾಸಿಟಿವ್. ಒಂದೇ ತಂಡದ ಇಬ್ಬರು ದೊಡ್ಡ ಆಟಗಾರರ ನಡುವೆ ಮಾತು ಬಿಗಿಯಾಯ್ತು. ಬಬಲ್‌ಗೆ ಬರುವಾಗ ಯೂಟಾದವರು ಹೊತ್ತು ತಂದ ಗಂಟು ಇದು.

ಪ್ಲೇಆಫ್, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತುಗಳಲ್ಲಿ, ಯೂಟಾಗೆ ಡೆನ್ವರ್ ಎದುರಾಯ್ತು. ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ. ಮೊದಲ ಪಂದ್ಯ ನಮ್ಮ ಲೆಕ್ಕದಲ್ಲಿ ಆಗಸ್ಟ್ 17ರ ರಾತ್ರಿ 11ಕ್ಕೆ. ಹೊರಗೆ ಮಳೆ. ಅರ್ಧ ಗಂಟೆ ನೋಡಿ ಮಲಗೋಣ ಅಂತ ಕೂತವನು ಎರಡು ಗಂಟೆಯಾದರೂ ಎದ್ದಿರಲಿಲ್ಲ. ಮಿಚೆಲ್ 57 ಅಂಕ ಹೊಡೆದ. ಪ್ಲೇಆಫ್ ಇತಿಹಾಸದಲ್ಲಿ ಒಂದೇ ಪಂದ್ಯಕ್ಕೆ ಅದಕ್ಕಿಂತ ಜಾಸ್ತಿ ಹೊಡೆದವರು ಆಗ ಇಬ್ಬರೇ. 1986ರಲ್ಲಿ ಮೈಕೆಲ್ ಜೋರ್ಡನ್ 63, 1962ರಲ್ಲಿ ಎಲ್ಜಿನ್ ಬೇಲರ್ 61. ಆದರೂ ಯೂಟಾ ಸೋತಿತು, ಓವರ್‌ಟೈಮ್‌ನಲ್ಲಿ 135-125. ನಾಲ್ಕನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಮಿಚೆಲ್ ಒಂದು ಎಡವಟ್ಟು ಮಾಡಿದ್ದ. ಚೆಂಡು ಸಿಕ್ಕ ಮೇಲೆ ಎಂಟು ಸೆಕೆಂಡಿನೊಳಗೆ ಅರ್ಧ ಅಂಕಣ ದಾಟಬೇಕು. ಅವನು ಸಾವಕಾಶವಾಗಿ ಡ್ರಿಬಲ್ ಮಾಡಿಕೊಂಡು ಬಂದ, ದಾಟಲಿಲ್ಲ. ಪೀಪಿ ಊದಿತು, ಚೆಂಡು ಡೆನ್ವರ್‌ಗೆ ಹೋಯ್ತು. ಪಂದ್ಯ ಮುಗಿದ ಮೇಲೆ ಎಲ್ಲರಿಗೂ 57ರ ಮಾತು, ಅವನಿಗೆ ಆ ಎಂಟು ಸೆಕೆಂಡಿನ ಕೊರಗು.

ಆ ರಾತ್ರಿ ಮರ್ರೆ 36 ಹೊಡೆದದ್ದನ್ನು ನಾನು ಅಷ್ಟಾಗಿ ಗಮನಿಸಲೇ ಇಲ್ಲ. ಮುಂದಿನ ಎರಡು ಪಂದ್ಯದಲ್ಲಿ ಗಮನಿಸುವಂಥದ್ದೇನೂ ಇರಲಿಲ್ಲ. 14, ಆಮೇಲೆ 12. ಎರಡನ್ನೂ ಯೂಟಾ ಆರಾಮಾಗಿ ಗೆದ್ದಿತು. ಮೂರನೇದಂತೂ 124-87. ಗೌರಿ ಹಬ್ಬ ಕಳೆದು ಗಣೇಶ ಹಬ್ಬಕ್ಕೆ ಬೆಳಗಾಗುವ ರಾತ್ರಿ ಅದು. ಅಮ್ಮ ಕಡುಬಿಗೆ ಕಾಯಿ ತುರಿಯಲು ಎದ್ದಾಗ ನಾನು ಮಲಗಲು ಹೊರಟಿದ್ದೆ. ಬೈಗುಳ ತಿಂದೆ.

ಅಪ್ಪ ಬಂದು ಕೂತದ್ದು ನಾಲ್ಕನೇ ಪಂದ್ಯಕ್ಕೆ. ಸೋಮವಾರ ಬೆಳಗ್ಗೆ ಆರೂವರೆ. ಕಾಫಿ ಲೋಟ ಹಿಡಿದುಕೊಂಡು ನನ್ನ ಹಿಂದೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ಎಳೆದುಕೊಂಡರು.

"ಯಾರೋ ಅದು, ಇವನು ಹಾಕಿದ ಕೂಡಲೇ ಅವನೂ ಹಾಕ್ತಾನಲ್ಲ?"

"ಇಬ್ರೂ ಗಾರ್ಡ್‌ಗಳು ಅಪ್ಪಾ."

"ಹಂಗಂದ್ರೆ?"

ಹಾಗಂದರೆ ಏನು ಅಂತ ಹೇಳುವುದು ಕಷ್ಟವೇನಲ್ಲ. ತಂಡದಲ್ಲಿ ಐದು ಜನ. ಚೆಂಡು ತರುವವನು, ಯಾರಿಗೆ ಕೊಡಬೇಕು ಅಂತ ನಿರ್ಧರಿಸುವವನು, ಯಾರಿಗೂ ಕೊಡದೆ ತಾನೇ ಎಸೆಯುವವನು ಗಾರ್ಡ್. ಸಾಮಾನ್ಯವಾಗಿ ತಂಡದಲ್ಲಿ ಕುಳ್ಳ ಅವನೇ. ಆರಡಿ ದಾಟಿದವನನ್ನೂ ಕುಳ್ಳ ಅನ್ನುವ ಲೋಕ ಅದು, ಇರಲಿ. ಹಿಂದೆಲ್ಲ ಆಟ ರಿಂಗ್ ಕೆಳಗೆ ನಿಂತ ದೊಡ್ಡ ಆಳುಗಳದ್ದಾಗಿತ್ತು. ಮೂರು ಅಂಕದ ಗೆರೆಯಾಚೆಯಿಂದ ಎಸೆಯುವುದು ಜಾಸ್ತಿಯಾದ ಮೇಲೆ ಕೀಲಿಕೈ ಗಾರ್ಡ್‌ಗಳ ಕೈಗೆ ಬಂತು.

ಆದರೆ ಅಪ್ಪ ಕೇಳಿದ್ದು ಅದಲ್ಲ. ಇಬ್ಬರು ಒಬ್ಬರನ್ನೊಬ್ಬರು ಮುಟ್ಟದೆ ಹೇಗೆ ಜಗಳ ಆಡುತ್ತಿದ್ದಾರೆ ಅನ್ನುವುದು ಅವರ ಪ್ರಶ್ನೆ. ನಿಜ, ಆ ಸರಣಿಯಲ್ಲಿ ಮರ್ರೆಯನ್ನು ಮಿಚೆಲ್ ಕಾದದ್ದು ಕಡಿಮೆ, ಮಿಚೆಲ್‌ನನ್ನು ಮರ್ರೆ ಕಾದದ್ದೂ ಕಡಿಮೆ. ಮರ್ರೆಯ ಬೆನ್ನು ಹತ್ತುವ ಕೆಲಸ ರಾಯ್ಸ್ ಓನೀಲ್‌ದು. ಮಿಚೆಲ್ ಹಿಂದೆ ಟೋರಿ ಕ್ರೇಗ್, ಜೆರಮಿ ಗ್ರ್ಯಾಂಟ್, ಕೊನೆಯಲ್ಲಿ ಗ್ಯಾರಿ ಹ್ಯಾರಿಸ್. ನಾಯಕರಿಬ್ಬರೂ ಅಂಕಣದ ಎರಡು ತುದಿಯಲ್ಲಿ ತಮ್ಮ ತಮ್ಮ ಸರದಿಗೆ ಕಾಯುವವರು.

ನಾನು ವಿವರಿಸಲು ತಡಕಾಡುತ್ತಿದ್ದಾಗ ಅಪ್ಪನೇ ಹೇಳಿದರು: "ತಾಳಮದ್ದಳೆ ಅನ್ನು ಮತ್ತೆ."

ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಅರ್ಧ ಆಯಸ್ಸು ತಾಳಮದ್ದಳೆ ಕೇಳುತ್ತಾ ಕಳೆದವರು ಅವರು. ಅಲ್ಲಿ ಯಾರೂ ಎದ್ದು ಕುಣಿಯುವುದಿಲ್ಲ, ವೇಷ ಇಲ್ಲ, ಗದೆ ಇಲ್ಲ. ಒಬ್ಬ ಕೂತಲ್ಲೇ ಅರ್ಥ ಹೇಳಿ ಮುಗಿಸುತ್ತಾನೆ. ಎದುರಿನವನು ಅದೇ ಮಾತಿನ ತುದಿ ಹಿಡಿದು ತಿರುಗಿಸಿ ಎಸೆಯುತ್ತಾನೆ. ಎದುರಿಗೆ ಕೂತವನು ಗಟ್ಟಿಯಾಗಿದ್ದರೆ ಇವನಿಗೂ ಮಾತು ಹುಟ್ಟುತ್ತದೆ. ಅವನು ಸಪ್ಪೆಯಾದರೆ ಇವನೂ ಸಪ್ಪೆ. 'ಅವತ್ತಿನ ಕೃಷ್ಣ ಸಂಧಾನ' ಅಂತ ಅಪ್ಪ ಇಪ್ಪತ್ತು ವರ್ಷ ಬಿಟ್ಟು ನೆನಪಿಸಿಕೊಳ್ಳುವಾಗ ಬರೀ ಕೃಷ್ಣನನ್ನು ನೆನಪಿಸಿಕೊಳ್ಳುವುದಿಲ್ಲ, ಕೌರವ ಯಾರಿದ್ದ ಅಂತಲೂ ಹೇಳುತ್ತಾರೆ.

ಆ ಸೋಮವಾರ ಮಿಚೆಲ್ 51, ಮರ್ರೆ 50. ಪ್ಲೇಆಫ್‌ನ ಒಂದೇ ಪಂದ್ಯದಲ್ಲಿ ಎರಡೂ ಕಡೆಯ ಒಬ್ಬೊಬ್ಬರು 50 ಮುಟ್ಟಿದ್ದು ಅದೇ ಮೊದಲು. ಯೂಟಾ 129-127ರಲ್ಲಿ ಗೆದ್ದು ಸರಣಿಯಲ್ಲಿ 3-1 ಮುಂದಾಯ್ತು. ಅಪ್ಪ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಬರೆದರು. ಆಮೇಲೆ ಹಿಂದಿನ ಮೂರು ಪಂದ್ಯದ್ದನ್ನೂ ನನ್ನ ಹತ್ತಿರ ಕೇಳಿ ತುಂಬಿಸಿದರು. ಲೆಕ್ಕ ಅಂದಮೇಲೆ ಮೊದಲಿಂದ ಇರಬೇಕು.

ಇಷ್ಟೊಂದು ಅಂಕ ಹೇಗೆ ಬರುತ್ತಿದೆ ಅನ್ನುವುದಕ್ಕೆ ಒಂದು ಸರಳ ಕಾರಣ ಇತ್ತು. ಎರಡೂ ತಂಡದ ಬೆನ್ನೆಲುಬು ದೊಡ್ಡ ಆಳುಗಳು. ಯೂಟಾಗೆ ಗೊಬೇರ್, ಡೆನ್ವರ್‌ಗೆ ನಿಕೊಲಾ ಯೋಕಿಚ್. ಗಾರ್ಡ್ ಚೆಂಡು ಹಿಡಿದು ಬರುತ್ತಾನೆ. ಅವನ ತಂಡದ ಸೆಂಟರ್ ಮುಂದೆ ಬಂದು ಗೋಡೆಯ ಹಾಗೆ ನಿಲ್ಲುತ್ತಾನೆ. ಅದಕ್ಕೆ ಸ್ಕ್ರೀನ್ ಅನ್ನುತ್ತಾರೆ. ಗಾರ್ಡ್ ಆ ಗೋಡೆಯನ್ನು ಸವರಿಕೊಂಡು ಹಾದು ಹೋದರೆ ಅವನನ್ನು ಕಾಯುತ್ತಿದ್ದವನು ಗೋಡೆಗೆ ಸಿಕ್ಕಿಕೊಳ್ಳುತ್ತಾನೆ. ಆಗ ಎದುರು ತಂಡದ ಸೆಂಟರ್ ಏನು ಮಾಡಬೇಕು? ಗೊಬೇರ್ ಹಿಂದೆ ಸರಿದು ರಿಂಗ್ ಹತ್ತಿರ ಕಾವಲು ನಿಲ್ಲುತ್ತಿದ್ದ. ಲೀಗಿನ ಅತ್ಯುತ್ತಮ ರಕ್ಷಣೆ ಆಟಗಾರ ಅಂತ 2018, 2019ರಲ್ಲಿ ಸತತವಾಗಿ ಪ್ರಶಸ್ತಿ ತೆಗೆದುಕೊಂಡದ್ದೇ ಹಾಗೆ ನಿಂತು. ಯೋಕಿಚ್ ಕೂಡ ಓಡುವ ಆಳಲ್ಲ, ಅವನೂ ಹಿಂದೆಯೇ. ಇಬ್ಬರೂ ಮನೆ ಬಾಗಿಲು ಕಾದರು, ಅಂಗಳ ಖಾಲಿ ಬಿಟ್ಟರು. ಆ ಖಾಲಿ ಅಂಗಳದಲ್ಲಿ ನಿಂತು ಎಸೆಯುವುದನ್ನೇ ಚಿಕ್ಕಂದಿನಿಂದ ಅಭ್ಯಾಸ ಮಾಡಿದ ಹುಡುಗರು ಇವರಿಬ್ಬರು. ಮರ್ರೆಯನ್ನು ಅವನಪ್ಪ ಕೆನಡಾದ ಕಿಚನರ್ ಊರಿನಲ್ಲಿ ಹಿಮದ ಮೇಲೆ ಪುಷ್‌ಅಪ್ ಹೊಡೆಸಿ ಬೆಳೆಸಿದ್ದ. ಕುಂಗ್‌ಫು, ಧ್ಯಾನ ಎಲ್ಲ ಕಲಿಸಿದ್ದ. ಇಂಥ ಹುಡುಗನಿಗೆ ಅಷ್ಟು ಜಾಗ ಬಿಟ್ಟರೆ ಕೇಳಬೇಕೇ?

ತರಬೇತುದಾರರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗಾರ್ಡ್ ದೂರದಿಂದ ಎಸೆದು ಸುಸ್ತಾಗಲಿ, ರಿಂಗ್ ಹತ್ತಿರದ ಸುಲಭದ ಅಂಕ ಕೊಡೋದು ಬೇಡ ಅನ್ನುವುದು ಅವರ ಹಳೆ ಲೆಕ್ಕ. ಆ ಎರಡು ವಾರ ಲೆಕ್ಕ ಕೈಕೊಟ್ಟಿತು.

ಇವರಿಬ್ಬರ ನಡುವೆ ಒಂದು ಹಳೆಯ ಎಳೆಯೂ ಇತ್ತು. ಮರ್ರೆ ಓದಿದ್ದು ಕೆಂಟಕಿ ಯೂನಿವರ್ಸಿಟಿಯಲ್ಲಿ, ಮಿಚೆಲ್ ಓದಿದ್ದು ಅದೇ ರಾಜ್ಯದ ಲೂಯಿವಿಲ್‌ನಲ್ಲಿ. ಬಾಸ್ಕೆಟ್‌ಬಾಲ್ ವಿಷಯಕ್ಕೆ ಆ ಎರಡು ಕಾಲೇಜುಗಳಿಗೆ ಎಣ್ಣೆ ಸೀಗೆಕಾಯಿ. 2015ರ ಡಿಸೆಂಬರ್‌ನಲ್ಲಿ ಇಬ್ಬರೂ ಮೊದಲ ವರ್ಷದ ಹುಡುಗರಾಗಿದ್ದಾಗ ಕೆಂಟಕಿ 75-73ರಲ್ಲಿ ಗೆದ್ದಿತ್ತು. ಇನ್ನೂ ಮಜಾ ಅಂದರೆ 2017ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 13ನೇ ಆಯ್ಕೆಯಾಗಿ ಮಿಚೆಲ್‌ನನ್ನು ಆರಿಸಿಕೊಂಡದ್ದೇ ಡೆನ್ವರ್! ಅದೇ ರಾತ್ರಿ ಅವನನ್ನು ಯೂಟಾಗೆ ಕೊಟ್ಟು ಟ್ರೇ ಲೈಲ್ಸ್‌ನನ್ನೂ 24ನೇ ಆಯ್ಕೆಯನ್ನೂ ತೆಗೆದುಕೊಂಡರು. 2013ರಲ್ಲಿ 27ನೇ ಆಯ್ಕೆಯಾಗಿ ಗೊಬೇರ್‌ನನ್ನು ಆರಿಸಿ ಯೂಟಾಗೆ ಬಿಟ್ಟುಕೊಟ್ಟವರೂ ಡೆನ್ವರಿನವರೇ. ಅಂದರೆ ತಾವೇ ದಾಟಿಸಿದ ಇಬ್ಬರ ಎದುರು ಅವರು ಈಗ ಪ್ಲೇಆಫ್ ಆಡುತ್ತಿದ್ದರು. ಇದನ್ನು ಹೇಳಿದಾಗ ಅಪ್ಪ "ಸಾಕಿದ ಹೋರಿ ಮಾರಿ, ಆಮೇಲೆ ಅದರ ಕೈಲೇ ಹಾಯಿಸಿಕೊಂಡ ಹಾಗಾಯ್ತು" ಅಂದರು.

ಐದನೇ ಪಂದ್ಯ ನಮಗೆ ಬೆಳಗಿನ ಜಾವ ನಾಲ್ಕಕ್ಕೆ. ಮರ್ರೆ 42, ಡೆನ್ವರ್ ಗೆಲುವು.

ಆಮೇಲೆ ಆಟ ನಿಂತುಹೋಯ್ತು. ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ ಜೇಕಬ್ ಬ್ಲೇಕ್ ಅನ್ನುವ ಕಪ್ಪು ಮನುಷ್ಯನಿಗೆ ಪೊಲೀಸರು ಹಿಂದಿನಿಂದ ಗುಂಡು ಹೊಡೆದಿದ್ದರು. ಅದೇ ರಾಜ್ಯದ ಮಿಲ್ವಾಕೀ ಬಕ್ಸ್ ತಂಡ ಆಗಸ್ಟ್ 26ರಂದು ಅಂಕಣಕ್ಕೆ ಇಳಿಯಲಿಲ್ಲ. ಉಳಿದ ತಂಡಗಳೂ ಜೊತೆಯಾದವು. ಮೂರು ದಿನ ಚೆಂಡಿನ ಸದ್ದಿಲ್ಲ. ಅಪ್ಪ ಬೆಳಗ್ಗೆ ಎದ್ದು ಬಂದು "ಇವತ್ತಿಲ್ವಾ?" ಅಂತ ಕೇಳಿದರು. ಕಾರಣ ಹೇಳಿದೆ. ಏನೂ ಮಾತಾಡದೆ ಹೂ ಕೊಯ್ಯಲು ಹೋದರು.

31ರ ಬೆಳಗ್ಗೆ ಆರನೇ ಪಂದ್ಯ. ಮರ್ರೆ ಕಾಲಿಗೆ ಹಾಕಿದ್ದ ಶೂಗಳ ಮೇಲೆ ಚಿತ್ರ ಬರೆಸಿದ್ದ. ಕ್ಯಾಮೆರಾ ಹತ್ತಿರ ಹೋದಾಗ ಅಪ್ಪ ಕನ್ನಡಕ ಸರಿ ಮಾಡಿಕೊಂಡು ಕೇಳಿದರು, "ಅದೇನು, ಶೂ ಮೇಲೆ ಯಾರದ್ದೋ ಮುಖ?" ಒಂದು ಶೂ ಮೇಲೆ ಜಾರ್ಜ್ ಫ್ಲಾಯ್ಡ್, ಇನ್ನೊಂದರ ಮೇಲೆ ಬ್ರಿಯೊನಾ ಟೇಲರ್. ಆ ವರ್ಷ ಪೊಲೀಸರ ಕೈಯಲ್ಲಿ ಸತ್ತವರು. ಟೇಲರ್ ಸತ್ತದ್ದು ಮಿಚೆಲ್ ಓದಿದ ಲೂಯಿವಿಲ್‌ನಲ್ಲೇ. ನಮ್ಮಲ್ಲಿ ಚಪ್ಪಲಿಗೆ ಮುಖದ ಚಿತ್ರ ಅಂದರೆ ಅವಮಾನ ಅಲ್ವಾ, ಅಪ್ಪನಿಗೆ ಅದು ಅರಗಲಿಲ್ಲ. ಪಂದ್ಯ ಮುಗಿದ ಮೇಲೆ ಮರ್ರೆ ಮಾತಾಡಲು ನಿಂತ. ಗಂಟಲು ಕಟ್ಟಿತು. ತಡೆದು ತಡೆದು, ಹೋರಾಡುವ ಶಕ್ತಿ ತನಗೆ ಈ ಶೂಗಳಿಂದಲೇ ಬರುತ್ತಿದೆ ಅನ್ನುವ ಅರ್ಥದ ಮಾತು ಹೇಳಿದ. ಅದನ್ನು ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಸುಮ್ಮನೆ ತಲೆಯಾಡಿಸಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಆ ಪಂದ್ಯದಲ್ಲಿ ಮರ್ರೆ 50, ಅದರಲ್ಲಿ ಒಂಬತ್ತು ತ್ರೀ ಪಾಯಿಂಟರ್. ಮಿಚೆಲ್ 44. ಡೆನ್ವರ್ 119-107. ಮೂರು ಪಂದ್ಯಕ್ಕೆ ಮರ್ರೆಯದು 142 ಅಂಕ. ಮಿಚೆಲ್ ಅದೇ ಮೂರರಲ್ಲಿ 125. ಸರಣಿ 3-3.

ಏಳನೇ ಪಂದ್ಯದಲ್ಲಿ ಇಬ್ಬರೂ ನೂರು ಅಂಕದ ಮಾತಾಡುತ್ತಾರೆ ಅಂತ ಕಾದು ಕೂತೆವು. ಸೆಪ್ಟೆಂಬರ್ 2, ಬುಧವಾರ, ಬೆಳಗ್ಗೆ ಆರು. ಅಮ್ಮನೂ ಬಂದರು. ಆದದ್ದೇ ಬೇರೆ. ಇಬ್ಬರಿಗೂ ದಣಿವು. ಮರ್ರೆಯ ತೊಡೆಗೆ ಪೆಟ್ಟು. ಸೊಂಟದ ನೋವಿನಿಂದ ಹೊರಗಿದ್ದ ಗ್ಯಾರಿ ಹ್ಯಾರಿಸ್ ಆರನೇ ಪಂದ್ಯಕ್ಕೆ ವಾಪಸ್ ಬಂದಿದ್ದ, ಅವನು ಮಿಚೆಲ್‌ಗೆ ನೆರಳಿನ ಹಾಗೆ ಅಂಟಿಕೊಂಡ. ಹಿಂದಿನ ಪಂದ್ಯಗಳಲ್ಲಿ 120, 130 ಆಗುತ್ತಿದ್ದ ಕಡೆ ಈಗ 60 ದಾಟಲು ಒದ್ದಾಟ. ಹಾರುವ ಮಾತೆಲ್ಲ ಮುಗಿದು ಬರೀ ಏದುಸಿರು ಉಳಿದಿತ್ತು. ನಿಜ ಹೇಳಬೇಕೆಂದರೆ ಏಳರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಇನ್ನು 27.8 ಸೆಕೆಂಡ್ ಇದ್ದಾಗ ಯೋಕಿಚ್ ಗೊಬೇರ್‌ನ ತಲೆ ಮೇಲಿಂದ ಒಂದು ಹುಕ್ ಹಾಕಿದ. 80-78. ಚೆಂಡು ಯೂಟಾಗೆ. ಮಿಚೆಲ್ ಡ್ರಿಬಲ್ ಮಾಡುತ್ತಾ ಒಳಗೆ ನುಗ್ಗಿದ.

ಅಷ್ಟರಲ್ಲಿ ನಮ್ಮ ಪರದೆ ಮೇಲೆ ಆ ಹಾಳು ಚಕ್ರ ತಿರುಗಲು ಶುರುವಾಯ್ತು.

ಮಲೆನಾಡಿನ ಸೆಪ್ಟೆಂಬರ್ ಮಳೆ, ಮೊಬೈಲ್ ಹಾಟ್‌ಸ್ಪಾಟ್. ಇಷ್ಟು ದಿನ ಎಳೆದದ್ದೇ ಪುಣ್ಯ. ಅಪ್ಪ "ಏನಾಯ್ತು ಮಾರಾಯ, ಹಾಕ್ದಾ ಅವ್ನು?" ಅಂತ ನನ್ನ ಭುಜ ಅಲ್ಲಾಡಿಸಿದರು. ನಾನು ಮೊಬೈಲ್ ಎತ್ತಿಕೊಂಡು ಕಿಟಕಿಗೆ ಓಡಿದೆ. ಚಿತ್ರ ವಾಪಸ್ ಬಂದಾಗ ಮಿಚೆಲ್ ನೆಲದ ಮೇಲೆ ಬಿದ್ದುಕೊಂಡಿದ್ದ. ಅವನ ಹತ್ತಿರ ಮರ್ರೆ ಬಗ್ಗಿ ನಿಂತಿದ್ದ.

ನಡುವೆ ಆದದ್ದನ್ನು ಆಮೇಲೆ ಹತ್ತು ಸಲವಾದರೂ ನೋಡಿದ್ದೇವೆ. ಹ್ಯಾರಿಸ್ ಹಿಂದಿನಿಂದ ಕೈ ಹಾಕಿ ಮಿಚೆಲ್‌ನ ಚೆಂಡು ತಪ್ಪಿಸುತ್ತಾನೆ. ಚೆಂಡು ಮರ್ರೆಗೆ ಸಿಗುತ್ತದೆ. ಅವನು ಅದನ್ನು ಹಿಡಿದುಕೊಂಡು ಸುಮ್ನೆ ಓಡಾಡಿದ್ದರೆ ಮುಗಿದು ಹೋಗುತ್ತಿತ್ತು. ಮುಂದೆ ಓಡುತ್ತಿದ್ದ ಕ್ರೇಗ್‌ಗೆ ಕೊಡುತ್ತಾನೆ. ಕ್ರೇಗ್ ರಿಂಗ್ ಹತ್ತಿರದಿಂದ ಹಾಕುವ ಸುಲಭದ ಎಸೆತ, ಲೇಅಪ್, ಅದನ್ನೇ ತಪ್ಪಿಸುತ್ತಾನೆ. ರಿಬೌಂಡ್ ಗೊಬೇರ್‌ಗೆ, ಅವನಿಂದ ಮೈಕ್ ಕಾನ್ಲಿಗೆ. ಈ ಕಾನ್ಲಿ ಮಗ ಹುಟ್ಟಿದ ಅಂತ ಬಬಲ್‌ನಿಂದ ಹೊರಗೆ ಹೋಗಿ ಮೂರನೇ ಪಂದ್ಯಕ್ಕೆ ಬಂದವನು. ಓಡುತ್ತಾ ಬಂದು ಮೂರು ಅಂಕಕ್ಕೆ ಎಸೆಯುತ್ತಾನೆ. ಚೆಂಡು ರಿಂಗಿನೊಳಗೆ ಇಳಿದೇ ಬಿಟ್ಟಿತು ಅನ್ನುವಷ್ಟರಲ್ಲಿ ಸುತ್ತಿ ಹೊರಗೆ ಬರುತ್ತದೆ. ಇಷ್ಟು ಹೊತ್ತೂ ಮಿಚೆಲ್ ಆ ಕಡೆ ತುದಿಯಲ್ಲಿ ನೆಲ ಬಿಟ್ಟು ಎದ್ದಿಲ್ಲ.

ಒಂದೇ ಸರಣಿಯಲ್ಲಿ ಮಿಚೆಲ್ 254, ಮರ್ರೆ 221. ಎದುರುಬದುರು ಆಡಿದ ಇಬ್ಬರು ಒಂದು ಸರಣಿಯಲ್ಲಿ ಸೇರಿ ಹೊಡೆದ ಅಂಕ 475, ಅದೊಂದು ದಾಖಲೆ. ಇಬ್ಬರಿಗೂ ಆಗ ವಯಸ್ಸು 23. ಡೆನ್ವರ್ ಮುಂದಿನ ಸುತ್ತಿನಲ್ಲಿ ಕ್ಲಿಪ್ಪರ್ಸ್ ಎದುರೂ 3-1 ಹಿಂದೆ ಬಿದ್ದು ಗೆದ್ದಿತು. ಒಂದೇ ವರ್ಷದ ಪ್ಲೇಆಫ್‌ನಲ್ಲಿ ಎರಡು ಸಲ ಹಾಗೆ ಎದ್ದು ಬಂದ ಮೊದಲ ತಂಡ. ಆಮೇಲೆ ಲೇಕರ್ಸ್‌ಗೆ ಸೋತಿತು.

ಇನ್ನು ಹತ್ತು ವರ್ಷ ಈ ಜೋಡಿ ನೋಡಬಹುದು ಅಂದುಕೊಂಡಿದ್ದೆ. ಒಂದೇ ಕಡೆಯ, ಅಂದರೆ ಪಶ್ಚಿಮ ವಿಭಾಗದ ತಂಡಗಳು. ಇಬ್ಬರೂ ಎಳೆಯರು. ವರ್ಷ ಬಿಟ್ಟು ವರ್ಷವಾದರೂ ಪ್ಲೇಆಫ್‌ನಲ್ಲಿ ಸಿಗಲೇಬೇಕು ಅಂತ ನನ್ನ ಲೆಕ್ಕ.

2021ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಡುವಾಗ ಮರ್ರೆಯ ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯಿತು. ಆ ವರ್ಷದ ಪ್ಲೇಆಫ್ ಹೋಯ್ತು, ಮುಂದಿನ ಇಡೀ ಸೀಸನ್ ಹೋಯ್ತು. ಯೂಟಾ 2021ರಲ್ಲಿ ಲೀಗಿಗೇ ಹೆಚ್ಚು ಪಂದ್ಯ ಗೆದ್ದೂ ಎರಡನೇ ಸುತ್ತಿನಲ್ಲಿ ಬಿತ್ತು. 2022ರಲ್ಲಿ ಡಲ್ಲಾಸ್ ಎದುರು ಮೊದಲ ಸುತ್ತಿನಲ್ಲೇ ಸೋತಿತು. ಆ ಬೇಸಿಗೆಯಲ್ಲಿ ತಂಡವನ್ನೇ ಬಿಚ್ಚಿ ಹರಾಜಿಗಿಟ್ಟರು. ಗೊಬೇರ್ ಮಿನೆಸೋಟಾಗೆ, ಮಿಚೆಲ್ ಕ್ಲೀವ್‌ಲ್ಯಾಂಡ್‌ಗೆ. ಕ್ಲೀವ್‌ಲ್ಯಾಂಡ್ ಇರುವುದು ಪೂರ್ವ ವಿಭಾಗದಲ್ಲಿ. ಇನ್ನು ಮರ್ರೆ, ಮಿಚೆಲ್ ಪ್ಲೇಆಫ್‌ನಲ್ಲಿ ಸಿಗಬೇಕೆಂದರೆ ಫೈನಲ್ಸ್ ಒಂದೇ ದಾರಿ.

ನಡುವೆ ಒಂದು ಸಣ್ಣ ಕಥೆ. 2013ರಲ್ಲಿ ಡೆನ್ವರ್‌ನಲ್ಲಿ ಕೂತು ಗೊಬೇರ್‌ನನ್ನು ಬಿಟ್ಟುಕೊಟ್ಟವನು, 2017ರಲ್ಲಿ ಮಿಚೆಲ್‌ನನ್ನು ಬಿಟ್ಟುಕೊಟ್ಟವನು ಟಿಮ್ ಕಾನಲಿ ಅನ್ನುವ ಅಧಿಕಾರಿ. 2022ರಲ್ಲಿ ಅವನು ಮಿನೆಸೋಟಾಗೆ ಹೋದ. ಹೋದವನು ಮಾಡಿದ ಮೊದಲ ದೊಡ್ಡ ಕೆಲಸ ಐದು ಆಟಗಾರರನ್ನೂ ನಾಲ್ಕು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನೂ ಕೊಟ್ಟು ಅದೇ ಗೊಬೇರ್‌ನನ್ನು ತಂದದ್ದು. ಜನ ನಕ್ಕರು. 2024ರಲ್ಲಿ ಆ ಗೊಬೇರ್, ಜೊತೆಗೆ ಆಂಥೊನಿ ಎಡ್ವರ್ಡ್ಸ್ ಅನ್ನುವ ಇನ್ನೊಬ್ಬ ಬೆಂಕಿ ಗಾರ್ಡ್, ಸೇರಿಕೊಂಡು ಡೆನ್ವರ್‌ನನ್ನು ಅದರ ಮನೆಯಲ್ಲೇ ಏಳನೇ ಪಂದ್ಯದಲ್ಲಿ ಮಣಿಸಿದರು. ಅದೂ 20 ಅಂಕ ಹಿಂದೆ ಬಿದ್ದ ಮೇಲೆ. ಹೋರಿಯ ಗಾದೆಗೆ ಅಪ್ಪ ಇನ್ನೊಂದು ಸಾಲು ಸೇರಿಸಬಹುದಿತ್ತು.

ಪೈಪೋಟಿ ಅನ್ನುವುದು ಹುಟ್ಟಲು ದ್ವೇಷ ಬೇಕಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಬೇಕಾದದ್ದು ಮತ್ತೆ ಮತ್ತೆ ಸಿಗುವುದು. ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಅಂತ ಇವತ್ತಿಗೂ ಜೋಡಿ ಹೆಸರು ಹೇಳುತ್ತಾರೆ. 1979ರ ಕಾಲೇಜು ಫೈನಲ್‌ನಲ್ಲಿ ಎದುರಾದವರು 1984, 85, 87ರ ಎನ್‌ಬಿಎ ಫೈನಲ್ಸ್‌ನಲ್ಲೂ ಎದುರಾಗದೇ ಇದ್ದಿದ್ದರೆ ಹೇಳುತ್ತಿದ್ದರಾ?

ಈಚೆಗೆ ಆ ಭಾಗ್ಯ ಸಿಕ್ಕಿದ್ದು ನ್ಯೂಯಾರ್ಕಿನ ಜೇಲನ್ ಬ್ರನ್ಸನ್ ಮತ್ತು ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್‌ಗೆ. ಇಬ್ಬರೂ 2023ರ ವಿಶ್ವಕಪ್‌ನಲ್ಲಿ ಅಮೆರಿಕ ತಂಡದಲ್ಲಿ ಒಟ್ಟಿಗೆ ಆಡಿದವರು. ಮರುವರ್ಷ ಪ್ಲೇಆಫ್‌ನಲ್ಲಿ ಏಳು ಪಂದ್ಯ. ಕೊನೆಯ ಪಂದ್ಯದಲ್ಲಿ ಬ್ರನ್ಸನ್‌ನ ಎಡಗೈ ಮುರಿಯಿತು, ಹ್ಯಾಲಿಬರ್ಟನ್ ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲೇ ಗೆದ್ದಿತು. ಆಮೇಲೆ ಅದೇ ಜಾಗದಲ್ಲಿ ನಡೆದ ಡಬ್ಲ್ಯುಡಬ್ಲ್ಯುಇ ಕುಸ್ತಿ ಕಾರ್ಯಕ್ರಮಕ್ಕೆ ಇಬ್ಬರೂ ಹೋಗಿದ್ದರು. ಬ್ರನ್ಸನ್ ಕೈಯಲ್ಲಿ ಕಬ್ಬಿಣದ ಕುರ್ಚಿ! ನಾಟಕವೇ, ಆದರೂ ಪೈಪೋಟಿ ಊರಿನ ಬಾಯಿಗೆ ಬಿದ್ದರೆ ಹೀಗೇ ಬೆಳೆಯುವುದು. 2025ರಲ್ಲಿ ಮತ್ತೆ ಅದೇ ಎರಡು ತಂಡ. ಮೊದಲ ಪಂದ್ಯದ ಕೊನೆಯ ಕ್ಷಣದಲ್ಲಿ ಹ್ಯಾಲಿಬರ್ಟನ್ ಎಸೆದ ಚೆಂಡು ರಿಂಗ್‌ಗೆ ತಾಗಿ ಬೋರ್ಡಿಗಿಂತ ಮೇಲೆ ಹಾರಿ ನೇರ ಒಳಗೆ ಇಳಿಯಿತು. ಮೂರು ಅಂಕ ಬಂತು, ಗೆದ್ದೆವು ಅಂತ ಅವನು ಕತ್ತಿಗೆ ಕೈ ಇಟ್ಟುಕೊಂಡು ಉಸಿರುಗಟ್ಟಿದ ಸನ್ನೆ ಮಾಡಿದ. ಅದು 1994ರಲ್ಲಿ ಅದೇ ಅಂಕಣದಲ್ಲಿ ಇಂಡಿಯಾನಾದ ಆಗಿನ ಆಟಗಾರ ರೆಜ್ಜಿ ಮಿಲ್ಲರ್ ಮಾಡಿದ ಸನ್ನೆ. ಆಮೇಲೆ ನೋಡಿದರೆ ಕಾಲ ಬೆರಳು ಗೆರೆ ಮೇಲೆ! ಎರಡೇ ಅಂಕ, ಪಂದ್ಯ ಸಮ. ಓವರ್‌ಟೈಮ್‌ನಲ್ಲಿ 138-135ಕ್ಕೆ ಗೆದ್ದು ಮಾನ ಉಳಿಸಿಕೊಂಡರು.

ಆ ಸನ್ನೆ ಅರ್ಥವಾಗಬೇಕಾದರೆ 31 ವರ್ಷದ ಹಿಂದಿನದ್ದನ್ನು ನೆನಪಿಟ್ಟುಕೊಂಡ ಜನ ಅಲ್ಲಿ ಕೂತಿರಬೇಕು. ಮರ್ರೆ-ಮಿಚೆಲ್‌ಗೆ ಅದಿರಲಿಲ್ಲ. ಅವರ ಏಳು ಪಂದ್ಯ ನಡೆದದ್ದು ಯಾರ ಊರೂ ಅಲ್ಲದ ಊರಿನಲ್ಲಿ, ಖಾಲಿ ಕುರ್ಚಿಗಳ ಮುಂದೆ. ಡೆನ್ವರ್‌ನಲ್ಲಿ "ನಾನು ಅವತ್ತು ಅಲ್ಲೇ ಇದ್ದೆ" ಅನ್ನುವ ತಾತ ಯಾರೂ ಹುಟ್ಟುವುದಿಲ್ಲ.

ನನಗೂ ಒಬ್ಬ ಎದುರಾಳಿ ಇದ್ದ, ಹೈಸ್ಕೂಲಿನಲ್ಲಿ. ಹೆಸರು ಗೊತ್ತಿಲ್ಲ. ಅಂಗಿಯ ಬೆನ್ನಿನ ಮೇಲೆ 7 ಅಂತ ಇತ್ತು, ನಾವು 'ಏಳು' ಅಂತಲೇ ಕರೆಯುತ್ತಿದ್ದೆವು. ಎಡಗೈ ಹುಡುಗ. ಒಂದು ವರ್ಷ ಅವನು ನನ್ನನ್ನು ಬಲಕ್ಕೆ ಬೀಳಿಸಿ ಎಡಕ್ಕೆ ಹೋದ. ಮುಂದಿನ ವರ್ಷ ನಾನು ಎಡಕ್ಕೇ ಕಾದೆ, ಅವನು ನಕ್ಕು ಬಲಕ್ಕೆ ಹೋದ. ಮೂರನೇ ವರ್ಷಕ್ಕೆ ಏನು ಮಾಡಬೇಕು ಅಂತ ಮಳೆಗಾಲ ಪೂರ್ತಿ ಯೋಚಿಸಿದ್ದೆ. ಅವರ ತಂಡ ಬಂತು. 7ನೇ ನಂಬರಿನ ಅಂಗಿಯಲ್ಲಿ ಬೇರೆ ಯಾರೋ ಇದ್ದ. ಆ ಪಂದ್ಯ ನಾವು ಗೆದ್ದೆವು. ಸ್ಕೋರ್ ಎಷ್ಟು ಅಂತ ನೆನಪಿಲ್ಲ. ಸೋತ ಎರಡರ ಸ್ಕೋರ್ ಇವತ್ತಿಗೂ ಹೇಳಬಲ್ಲೆ.

ಮರ್ರೆ 2023ರಲ್ಲಿ ಡೆನ್ವರ್‌ಗೆ ಮೊದಲ ಚಾಂಪಿಯನ್‌ಷಿಪ್ ಗೆದ್ದುಕೊಟ್ಟ. ಮಯಾಮಿ ಎದುರಿನ ಮೂರನೇ ಫೈನಲ್ ಪಂದ್ಯದಲ್ಲಿ ಅವನೂ ಯೋಕಿಚ್‌ನೂ ಇಬ್ಬರೂ ಟ್ರಿಪಲ್ ಡಬಲ್, ಅಂದರೆ ಅಂಕ, ರಿಬೌಂಡ್, ಪಾಸ್ ಮೂರರಲ್ಲೂ ಎರಡಂಕಿ. ಮಿಚೆಲ್ ಅದೇ ವರ್ಷ ಜನವರಿ 2ರಂದು ಶಿಕಾಗೊ ಎದುರು ಒಂದೇ ಪಂದ್ಯದಲ್ಲಿ 71 ಹೊಡೆದಿದ್ದ. ಪ್ಲೇಆಫ್‌ನಲ್ಲಿ ಮಾತ್ರ 2025ರವರೆಗೂ ಅವನ ಗಾಡಿ ಎರಡನೇ ಸುತ್ತು ದಾಟಿರಲಿಲ್ಲ. 2025ರಲ್ಲಿ ಕ್ಲೀವ್‌ಲ್ಯಾಂಡ್ 64 ಪಂದ್ಯ ಗೆದ್ದಾಗ ಈ ಸಲ ಫೈನಲ್ಸ್‌ನಲ್ಲಿ ಡೆನ್ವರ್ ಸಿಕ್ಕರೆ ಅಂತ ಆಸೆ ಚಿಗುರಿತ್ತು. ಅಡ್ಡ ಬಂದವನು ಅದೇ ಹ್ಯಾಲಿಬರ್ಟನ್. ಡೆನ್ವರ್ ಕೂಡ ಎರಡನೇ ಸುತ್ತಿನಲ್ಲಿ ಒಕ್ಲಹೋಮ ಸಿಟಿಗೆ ಏಳು ಪಂದ್ಯದಲ್ಲಿ ಸೋತಿತು.

ಮಾಮೂಲಿ ಸೀಸನ್‌ನಲ್ಲಿ ಡೆನ್ವರ್, ಕ್ಲೀವ್‌ಲ್ಯಾಂಡ್ ವರ್ಷಕ್ಕೆ ಎರಡು ಸಲ ಆಡುತ್ತವೆ. ನಾನು ಅಲಾರಂ ಇಟ್ಟುಕೊಂಡು ನೋಡುತ್ತೇನೆ. ಚೆನ್ನಾಗಿಯೇ ಆಡುತ್ತಾರೆ. ಮುಗಿದ ಮೇಲೆ ಅಪ್ಪಿಕೊಳ್ಳುತ್ತಾರೆ, ಏನೋ ಹೇಳಿಕೊಂಡು ನಗುತ್ತಾರೆ. ಮರುದಿನ ಬೇರೆ ಊರು, ಬೇರೆ ತಂಡ.

ಸುಣ್ಣ ಹೊಡೆಯುವವರು ಬಂದು ಗೋಡೆ ಮುಗಿಸಿ ಹೋದರು. ಕ್ಯಾಲೆಂಡರುಗಳನ್ನು ಮತ್ತೆ ಮೊಳೆಗೆ ಹಾಕುವಾಗ ಅಪ್ಪ 2020ರದ್ದನ್ನು ತಿರುಗಿಸಿ ಸೆಪ್ಟೆಂಬರ್ ಹಾಳೆ ನೋಡಿದರು. 2ನೇ ತಾರೀಖಿನ ಚೌಕ. ಮೇಲೆ ಹಾಲು 1. ಕೆಳಗೆ ಮಿ 22, ಮ 17. ಅದರ ಪಕ್ಕ ಇನ್ನೊಂದು ಅಕ್ಷರ ಇತ್ತು, ಪೆನ್ನು ಸರಿ ಬರೆಯದೆ ಮಸುಕಾಗಿತ್ತು. ಬೆಳಕಿಗೆ ಹಿಡಿದು ನೋಡಿದೆ.

"ಇದೇನಪ್ಪಾ, 'ಚ'?"

"ಚಕ್ರ ತಿರುಗ್ತಾ ಇತ್ತಲ್ಲ ಮಾರಾಯ" ಅಂದರು. "ನೋಡ್ಲಿಲ್ಲ ಅಂತ ಬರೆದಿಟ್ಟೆ."